ಪ್ರದಕ್ಷಿಣೆ ಎಂದು ಬರೆದ ಪೈಪು

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಜನವರಿಯ ಒಂದು ಗುರುವಾರ, ಬೆಳಗಿನ ಪೂಜೆ ಮುಗಿದಿತ್ತು. ಹಿಂದಿನ ದಿನ ನೆನೆಹಾಕಿದ ಕಾಳು ಪಾತ್ರೆಯ ತುಂಬ ಇತ್ತು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಜಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಯೋಚನೆ ಬೇಡದ ಕೆಲಸ. ಎದುರಿಗೆ ಕುರ್ಚಿ ಹಾಕಿಕೊಂಡು ಅತ್ತೆಯೂ ಹಿತುಕುತ್ತಿದ್ದರು. ಎಂಬತ್ತು ದಾಟಿದ ಅವರ ಬೆರಳು ನನ್ನ ಬೆರಳಿಗಿಂತ ಚುರುಕು. ಅದನ್ನು ಅವರು ಆಗಾಗ ನನಗೆ ನೆನಪಿಸುತ್ತಲೂ ಇದ್ದರು.

ಫೋನು ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ. ನಮ್ಮ ಯಜಮಾನರು. ಒಂದು ಉಕ್ಕಿನ ಕಾರ್ಖಾನೆಯ ಕೆಲಸಕ್ಕೆಂದು ಹೋಗಿ ಎರಡು ದಿನವಾಗಿತ್ತು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಸೇರುವಷ್ಟು ದೂರದ ಊರು.

“ಪೈಪು ಉಲ್ಟಾ ಬಂದಿದೆ ಕಣೇ,” ಅಂದರು.

“ಉಲ್ಟಾ ಅಂದ್ರೆ?”

“ಉಲ್ಟಾ ಅಂದ್ರೆ ಉಲ್ಟಾ. ಕನ್ನಡೀಲಿ ನೋಡಿದ ಹಾಗೆ. ಅಳತೆ ಎಲ್ಲ ಸರಿಯಾಗಿದೆ, ತಿರುವು ಮಾತ್ರ ಆ ಕಡೆಗೆ ಹೋಗಿದೆ. ಮೇಸ್ತ್ರಿ ಮನೆಗೆ ಬರ್ತಾನೆ. ದೇವರ ಗೂಡಲ್ಲಿ ನನ್ನ ತಂತಿ ಮಾದರಿ ಇಟ್ಟಿದೀಯಲ್ಲ, ಅದನ್ನ ಕೊಟ್ಟು ಕಳಿಸು. ಅದರ ಹಾಗೆ ಬಗ್ಗಿಸ್ಲಿ. ನಾನು ಒಳಗೆ ಹೋಗ್ತಿದೀನಿ, ಅಲ್ಲಿ ಫೋನು ಬಿಡಲ್ಲ.”

ಇಷ್ಟು ಹೇಳಿ ಇಟ್ಟುಬಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಈ ಪೈಪಿನ ವಿಷಯ ಮೊದಲು ಹೇಳಬೇಕು. ನಾನು ಓದಿದ್ದು ಪಿಯುಸಿವರೆಗೆ. ಆದರೆ ಊಟದ ಮೇಜಿನ ಮೇಲೆ ಹರಡಿದ ನಕಾಶೆಗಳನ್ನು ಎತ್ತಿಟ್ಟು ತಟ್ಟೆ ಹಾಕಿದ ವರ್ಷಗಳೇ ಬಹಳ. ಕಿವಿಗೆ ಬಿದ್ದದ್ದು ಬಿದ್ದಿದೆ.

ಕಂಬಿ ಮಾಡುವ ಕಾರ್ಖಾನೆಯಲ್ಲಿ ಕಾಯಿಸಿದ ಉಕ್ಕು ಒಂದಾದಮೇಲೊಂದು ರೋಲರುಗಳ ನಡುವೆ ಹಾದು ತೆಳ್ಳಗಾಗುತ್ತಾ, ಉದ್ದವಾಗುತ್ತಾ ಬರುತ್ತದೆ. ಕೊನೆಗೆ ಬೆರಳ ಗಾತ್ರದ ಕೆಂಪು ಕಂಬಿಯಾದಾಗ ಅದರ ಓಟ ಎಷ್ಟೆಂದರೆ, ಚಾಮರಾಜಪೇಟೆಯ ನಮ್ಮ ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ನಾವು ನಾಲ್ಕಾರು ಸಲ ಕಣ್ಣು ಮಿಟುಕಿಸುವುದರೊಳಗೆ ದಾಟಿಬಿಡುತ್ತದೆ. ಅಷ್ಟು ವೇಗದಲ್ಲಿ ಬರುವುದನ್ನು ಹಿಡಿದು ಸುತ್ತಿಡಲು ಮನುಷ್ಯರ ಕೈಯಿಂದ ಆಗದು. ಅದಕ್ಕೆ ಒಂದು ತಿರುಗುವ ತಲೆ ಇದೆ. ಅದರೊಳಗೆ ಒಂದು ಬಾಗಿದ ಪೈಪು. ಒಂದು ಕಡೆ ನೆಟ್ಟಗೆ ಶುರುವಾಗಿ, ಬರಬರುತ್ತಾ ಅಗಲವಾಗಿ ಸುತ್ತಿಕೊಂಡು, ಬದಿಗೆ ಬಾಯಿ ತೆರೆಯುತ್ತದೆ. ಕಂಬಿ ಹಿಂದಿನಿಂದ ಒಳಗೆ ನುಗ್ಗುತ್ತದೆ, ಪೈಪು ತಿರುಗುತ್ತದೆ, ಮುಂದಿನಿಂದ ಕಂಬಿ ಬಳೆ ಬಳೆಯಾಗಿ ಒಂದರ ಮೇಲೊಂದು ಜರುಗಿ ಚಲಿಸುವ ಹಾಸಿನ ಮೇಲೆ ಬೀಳುತ್ತದೆ. ತಣ್ಣಗಾದಮೇಲೆ ಅದೇ ಸಿಂಬೆ. ಲಾರಿಯಲ್ಲಿ ಹೋಗುವುದನ್ನು ಎಲ್ಲರೂ ನೋಡಿರುತ್ತಾರೆ.

ತೊಂದರೆ ಪೈಪಿನದು. ಕೆಂಪಗೆ ಕಾದ ಕಂಬಿ ಒಳಗೆ ಉಜ್ಜಿಕೊಂಡೇ ಓಡಬೇಕು. ಉಜ್ಜಿದ ಕಡೆ ಸವೆಯುತ್ತದೆ. ಸವೆತವಾದರೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ತಿರುವು ಬಿಗಿಯಾದ ಕಡೆ ಒಳಗೆ ಕಾಲುವೆ ತೋಡಿದ ಹಾಗೆ ಆಗುತ್ತದೆ. ಆಮೇಲೆ ಬಳೆಗಳು ಒಂದು ದೊಡ್ಡದು, ಒಂದು ಚಿಕ್ಕದು. ಆರನೆಯ ದಿನವೋ ಏಳನೆಯ ದಿನವೋ ಎಲ್ಲ ನಿಲ್ಲಿಸಿ ಪೈಪು ಬದಲಾಯಿಸಬೇಕು. ಬದಲಾಯಿಸುವುದು ತಡವಾದರೆ ಪೈಪು ತೂತು ಬಿದ್ದು ಕೆಂಪು ಕಂಬಿ ಪಕ್ಕಕ್ಕೆ ಚಿಮ್ಮುತ್ತದೆ. ಅದರ ಮುಂದೆ ನಿಂತವರ ಗತಿ ಹೇಳಬೇಕಾಗಿಲ್ಲ.

ನಮ್ಮವರು ಕೆಲಸ ಮಾಡುತ್ತಿದ್ದುದು ಮಾಗಡಿ ರಸ್ತೆಯ ಕಡೆಯ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ. ಸವೆದ ಹಳೆಯ ಪೈಪನ್ನು ಕಾರ್ಖಾನೆಯವರು ಕಳಿಸಿದರೆ ಅದೇ ತರಹದ್ದು ಹೊಸದು ಬಗ್ಗಿಸಿ ಕೊಡುವುದು ಅವರ ಕಸುಬು. ನಮ್ಮವರಿಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. ಸವೆದ ಪೈಪುಗಳನ್ನು ಉದ್ದಕ್ಕೆ ಸೀಳಿಸಿ, ಎಲ್ಲೆಲ್ಲಿ ಎಷ್ಟು ತಿಂದಿದೆ ಎಂದು ಅಳೆದು ಬರೆದಿಟ್ಟುಕೊಳ್ಳುತ್ತಿದ್ದರು. “ಸವೆತ ಬೇಡ ಅನ್ನಕ್ಕಾಗಲ್ಲ, ಒಂದೇ ಕಡೆ ಕೂರಬೇಡ ಅಂತ ಹೇಳಬಹುದು,” ಅನ್ನುತ್ತಿದ್ದರು. ಬಿಗಿ ತಿರುವನ್ನು ಸಡಿಲಿಸಿ, ಉಜ್ಜಾಟವನ್ನು ಪೈಪಿನ ಉದ್ದಕ್ಕೂ ಹಂಚುವ ಹಾಗೆ ಹೊಸ ಬಾಗು ಬರೆದರು. ಬರೆದು ನಾಲ್ಕು ವರ್ಷವಾಗಿತ್ತು. ಹಾಕಿ ನೋಡಲು ಯಾರೂ ಒಪ್ಪಿರಲಿಲ್ಲ. ನಡೆಯುತ್ತಿರುವ ಕಂಬಿ ಗಿರಣಿಯಲ್ಲಿ ಹೊಸದನ್ನು ಯಾರು ಕಟ್ಟಿಕೊಳ್ಳುತ್ತಾರೆ?

ಕೊನೆಗೆ ಈ ಕಾರ್ಖಾನೆಯವರು ಒಪ್ಪಿದರು. ಗುರುವಾರದಿಂದ ಶನಿವಾರ ಸಂಜೆಯವರೆಗೆ ರಿಪೇರಿಗೆಂದು ಗಿರಣಿ ನಿಲ್ಲಿಸುತ್ತೇವೆ, ಅಷ್ಟರೊಳಗೆ ನಿಮ್ಮ ಪೈಪು ಕೂರಿಸಿ. ಆಗದಿದ್ದರೆ ಹಳೆಯದನ್ನೇ ಹಾಕಿಕೊಂಡು ಶುರು ಮಾಡುತ್ತೇವೆ ಅಂದಿದ್ದರು. ಅವರು ಮತ್ತೆ ಗಿರಣಿ ನಿಲ್ಲಿಸುವುದು ಮಳೆಗಾಲದಲ್ಲಿ. ನಮ್ಮವರು ನಿವೃತ್ತಿಯಾಗುವುದು ಮಾರ್ಚಿನಲ್ಲಿ. ವರ್ಕ್‌ಶಾಪಿನಲ್ಲಿ ಆ ಬಾಗನ್ನು ಅವರಷ್ಟು ಹಚ್ಚಿಕೊಂಡವರು ಇನ್ನೊಬ್ಬರಿರಲಿಲ್ಲ. ಈ ಸಲ ತಪ್ಪಿದರೆ ಅದು ಕಾಗದದ ಮೇಲೆಯೇ ಉಳಿಯುತ್ತಿತ್ತು.

ಮೇಸ್ತ್ರಿ ಹನ್ನೊಂದಕ್ಕೆ ಬಂದ. ಓಕಳಿಪುರಂನವನು. ಪೈಪು ಬಗ್ಗಿಸುವ ಕೆಲಸದಲ್ಲಿ ನಮ್ಮವರ ಬಲಗೈ. ಇಪ್ಪತ್ತು ವರ್ಷದ ಪರಿಚಯ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಶುರು ಮಾಡಿದ.

“ಅಮ್ಮಾ, ನಾನು ತಪ್ಪು ಮಾಡಿಲ್ಲಮ್ಮ. ನಕಾಶೇಲಿ ಸಾರೇ ಅವ್ರ ಕೈಯಾರೆ ಪ್ರದಕ್ಷಿಣೆ ಅಂತ ಬರ್ದವ್ರೆ. ಪ್ರದಕ್ಷಿಣೆ ಅಂದ್ರೆ ಪ್ರದಕ್ಷಿಣೆನೇ ಮಾಡಿದೀನಿ. ಈಗ ಉಲ್ಟಾ ಅಂದ್ರೆ ನಾನೇನ್ಮಾಡ್ಲಿ?”

“ಕೂತ್ಕೊಳಪ್ಪ ಮೊದ್ಲು. ನೀರು ಕುಡಿ.”

“ನೀರಿಳೀತಾ ಇಲ್ಲಮ್ಮ ಗಂಟ್ಲಲ್ಲಿ.”

“ಕಾಫಿ ಇಳಿಯುತ್ತೇನೋ ನೋಡು,” ಅಂದರು ಅತ್ತೆ. ಇಳಿಯಿತು.

ಪ್ರದಕ್ಷಿಣೆ ಎಂಬ ಮಾತು ಕೇಳಿದೊಡನೆ ನನ್ನ ಕೈ ನಿಂತಿತ್ತು. ಅದು ನಾನು ಕೊಟ್ಟ ಮಾತು.

ಮೇಸ್ತ್ರಿ ಹೊಸದಾಗಿ ಸೇರಿದ ಕಾಲದಲ್ಲಿ ಅವನಿಗೆ ಎಡ ಬಲ ಗಡಿಬಿಡಿಯಾಗುತ್ತಿತ್ತು. ಪೈಪಿಗೆ ಮರಳು ತುಂಬಿ, ಕೆಂಪಗೆ ಕಾಯಿಸಿ, ಅಚ್ಚಿನ ಸುತ್ತ ಬಗ್ಗಿಸುವಾಗ ಯೋಚಿಸುತ್ತಾ ನಿಲ್ಲುವಂತಿಲ್ಲ. ನಾಲ್ಕು ಜನ ನಾಲ್ಕು ಕಡೆ ಮುಖ ಮಾಡಿ ನಿಂತಿರುತ್ತಾರೆ. “ಬಲಕ್ಕೆ” ಎಂದು ಕೂಗಿದರೆ ಒಬ್ಬೊಬ್ಬರ ಬಲ ಒಂದೊಂದು ಕಡೆ. ಈ ಪೇಚಾಟವನ್ನು ನಮ್ಮವರು ಊಟಕ್ಕೆ ಕೂತಾಗ ಹೇಳಿಕೊಂಡರು. “ಪ್ರದಕ್ಷಿಣೆ, ಅಪ್ರದಕ್ಷಿಣೆ ಅಂತ ಹೇಳಿ. ಗುಡಿಗೆ ಹೋಗೋ ಯಾರಿಗೂ ಅದು ತಪ್ಪಲ್ಲ,” ಅಂದಿದ್ದೆ ನಾನು. ಮಾರನೆಯ ದಿನವೇ ಅದು ವರ್ಕ್‌ಶಾಪಿನ ಭಾಷೆಯಾಯಿತು. ಇಪ್ಪತ್ತು ವರ್ಷ ಒಂದು ಪೈಪೂ ತಪ್ಪಲಿಲ್ಲ. ಯಾಕೆ ತಪ್ಪಲಿಲ್ಲವೆಂದರೆ, ಅಷ್ಟೂ ಪೈಪುಗಳಿಗೆ ಹಳೆಯ ಪೈಪು ಮಾದರಿಯಾಗಿ ಕಣ್ಣೆದುರಿಗೇ ಇರುತ್ತಿತ್ತು. ಬರೀ ನಕಾಶೆ ನೋಡಿ ಬಗ್ಗಿಸಿದ್ದು ಇದೇ ಮೊದಲು. ಅದೂ ನಮ್ಮವರು ಹಳೆಯ ಪೈಪು ಬಿಚ್ಚಿಸಲು ಮುಂಚೆಯೇ ಹೊರಟುಹೋಗಿದ್ದರು. ಮೇಸ್ತ್ರಿಯೇ ಅಳತೆ ನೋಡಿ, ಕಲಾಸಿಪಾಳ್ಯದಿಂದ ಬಸ್ಸಿಗೆ ಹಾಕಿ ಕಳಿಸಿದ್ದ. ಅಳತೆಯಲ್ಲಿ ತಪ್ಪು ಸಿಗುವ ಹಾಗೂ ಇರಲಿಲ್ಲ. ಎಡಗೈಯನ್ನೂ ಬಲಗೈಯನ್ನೂ ಅಳೆದರೆ ಅಳತೆ ಒಂದೇ ತಾನೇ.

ದೇವರ ಗೂಡಿನಿಂದ ಮಾದರಿ ತಂದೆ. ದಪ್ಪ ತಾಮ್ರದ ತಂತಿಯಲ್ಲಿ ಅವರು ಬಗ್ಗಿಸಿದ್ದು, ಗೇಣುದ್ದ ಇತ್ತು. ಆಯುಧಪೂಜೆಯ ದಿನ ನಾನು ಅದಕ್ಕೆ ಕುಂಕುಮ ಇಟ್ಟು ಗೂಡಿನಲ್ಲೇ ಬಿಟ್ಟಿದ್ದೆ. ಮೇಸ್ತ್ರಿ ಅದನ್ನು ಕಣ್ಣಿಗೊತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡಿದ. ಮುಖ ಇನ್ನೂ ಕಪ್ಪಾಯಿತು.

“ಅಮ್ಮಾ, ಇದು ಅಪ್ರದಕ್ಷಿಣೆ.”

“ಸರಿಯಾಗಿ ನೋಡಪ್ಪ.”

“ಸರಿಯಾಗೇ ನೋಡ್ದೆ. ಪೈಪು ಸುತ್ತುವಾಗ ಅದರ ಬಾಯಿ ಹಿಂದಕ್ಕೆ ನೋಡ್ತಿರ್ಬೇಕು, ಇಲ್ದಿದ್ರೆ ಕಂಬಿ ಬಳೆಯಾಗಿ ಬೀಳಲ್ಲ, ಕವಣೆ ಕಲ್ಲು ಹಾರಿದಂಗೆ ಹಾರ್ತದೆ. ಈ ಬಾಯಿ ಹಿಂದಕ್ಕೆ ಬರ್ಬೇಕು ಅಂದ್ರೆ ಹಿಂಗೆ ತಿರುಗಿಸ್ಬೇಕು. ನೋಡಿ, ಅಪ್ರದಕ್ಷಿಣೆ. ನಕಾಶೇಲಿ ಒಂದಿದೆ, ಮಾದರೀಲಿ ಒಂದಿದೆ. ಯಾವ್ದು ಸರಿ? ವರ್ಕ್‌ಶಾಪಲ್ಲಿ ಇರೋದು ಇನ್ನೊಂದೇ ಪೈಪು. ಅದನ್ನೂ ಕೆಡಿಸಿದ್ರೆ ಮುಗೀತು.”

ನಮ್ಮವರಿಗೆ ಫೋನು ಮಾಡಿದೆ. ಹೋಗಲಿಲ್ಲ. ಮೇಸ್ತ್ರಿ ಮಾಡಿದ. ಹೋಗಲಿಲ್ಲ. ಅವರು ಒಳಗಿದ್ದರು.

“ಮೋಟಾರನ್ನೇ ಉಲ್ಟಾ ತಿರುಗಿಸ್ಬಾರದೇನೋ?” ಅಂದರು ಅತ್ತೆ. “ನಮ್ಮ ಸಂಪಿನ ಮೋಟಾರು ಒಂದ್ಸಲ ಹಾಗೇ ತಿರುಗಿತ್ತಲ್ಲ, ವೈರು ಬದಲಾಯಿಸಿ ಸರಿ ಮಾಡಿದ್ರು.”

ಮೇಸ್ತ್ರಿ ಅವರನ್ನು ಗೌರವದಿಂದ ನೋಡಿದ. “ಒಳ್ಳೇ ಮಾತೇ ಅಜ್ಜಿ. ಆದ್ರೆ ಬಳೆ ಬೀಳೋ ಹಾಸು, ಅದರ ಮುಂದಿನ ತಡೆ, ಎಲ್ಲ ಒಂದೇ ಕಡೆ ತಿರುಗೋದಕ್ಕೆ ಅಂತ ಕಟ್ಟವ್ರೆ. ಮೋಟಾರು ಉಲ್ಟಾ ಮಾಡಿದ್ರೆ ಗಿರಣಿನೇ ಉಲ್ಟಾ ಮಾಡ್ಬೇಕು.”

“ಹಾಗಾದ್ರೆ ಬೇಡ ಬಿಡು,” ಅಂದರು ಅತ್ತೆ, ಗಿರಣಿಗೆ ದೊಡ್ಡ ಉಪಕಾರ ಮಾಡಿದವರ ಹಾಗೆ.

ನಾನು ಆ ಮಾದರಿಯನ್ನು ಕೈಗೆ ತೆಗೆದುಕೊಂಡೆ. ನೆಟ್ಟಗಿನ ತುದಿಯನ್ನು ಹಿಡಿದು, ಬಾಯಿಯ ಕಡೆ ಆಚೆಗೆ ಇರುವ ಹಾಗೆ, ಗೂಡಿನ ಎದುರಿಗೆ ನಿಂತು ನಿಧಾನವಾಗಿ ತಿರುಗಿಸಿದೆ. ಕೈಗೆ ಅಭ್ಯಾಸವಾದ ಚಲನೆ ಅದು, ಮಂಗಳಾರತಿಯ ತಟ್ಟೆ ಎತ್ತುವಾಗಿನದು. ಬಾಯಿ ಹಿಂದಕ್ಕೇ ಇತ್ತು. ನನ್ನ ಕೈ ಪ್ರದಕ್ಷಿಣೆಯಾಗಿಯೇ ಸುತ್ತುತ್ತಿತ್ತು.

“ಇಲ್ಲಿಂದ ಪ್ರದಕ್ಷಿಣೆಯಾಗೇ ಇದೆಯಲ್ಲೋ,” ಅಂದೆ.

ಮೇಸ್ತ್ರಿ ನನ್ನೆದುರಿಗೆ, ಗೂಡಿಗೆ ಬೆನ್ನು ಮಾಡಿ ನಿಂತಿದ್ದ. “ಇಲ್ಲಮ್ಮ, ಅಪ್ರದಕ್ಷಿಣೆ.”

ನಾನು ಇನ್ನೊಂದು ಸುತ್ತು ತಿರುಗಿಸಿದೆ. ಅವನು ಇನ್ನೊಂದು ಸಲ ಇಲ್ಲ ಅಂದ. ಆಗ ಗೊತ್ತಾಯಿತು. ನಾನು ಆರತಿ ಎತ್ತುವವಳ ಜಾಗದಲ್ಲಿದ್ದೆ, ಅವನು ದೇವರ ಜಾಗದಲ್ಲಿ ನಿಂತಿದ್ದ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ದಿನಾ ಎರಡು ಹೊತ್ತು ಆರತಿ ಎತ್ತಿದ್ದೇನೆ. ನಾನು ಬಲಕ್ಕೆ ಎತ್ತುವ ಆರತಿ ಎದುರಿಗಿರುವ ದೇವರಿಗೆ ಎಡಕ್ಕೆ ಕಾಣುತ್ತದೆ ಎಂದು ಒಂದು ದಿನವೂ ತೋಚಿರಲಿಲ್ಲ.

“ಪ್ರದಕ್ಷಿಣೆ ಅಂತ ಓದಿದಾಗ ನೀನು ಯಾವ ಕಡೆ ನಿಂತು ನೋಡಿದ್ದು?” ಎಂದು ಕೇಳಿದೆ.

“ಬಾಯಿ ಕಡೆಯಿಂದ. ಬಳೆ ಬೀಳೋದು ಅಲ್ಲೇ ಅಲ್ವಾ, ಅಲ್ಲೇ ನೋಡೋದು.”

“ನಿಮ್ಮ ಸಾರು ನೋಡೋದು ಯಾವ ಕಡೆಯಿಂದ?”

“ಅವ್ರು ಯಾವಾಗ್ಲೂ ಕಂಬಿ ಬರೋ ಕಡೆಯಿಂದ ಲೆಕ್ಕ ಹಾಕ್ತಾರೆ. ಮೋಟಾರು ಇರೋ ಕಡೆಯಿಂದ.” ಮಾದರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನನ್ನ ಪಕ್ಕಕ್ಕೆ ಬಂದು ನಿಂತು ತಾನೇ ತಿರುಗಿಸಿದ. ಆಮೇಲೆ ಗೂಡಿನ ಕಡೆ ಹೋಗಿ ನಿಂತು ತಿರುಗಿಸಿದ. “ಅಯ್ಯಯ್ಯೋ,” ಅಂದ. “ಸಾರೂ ಸರಿ, ನಾನೂ ಸರಿ, ಪೈಪು ಮಾತ್ರ ತಪ್ಪು.”

ಅತ್ತೆ ಬೇಳೆಯ ತಟ್ಟೆಯನ್ನು ಅಲುಗಿಸಿ ಸಮ ಮಾಡುತ್ತಾ ಹೇಳಿದರು: “ಇಷ್ಟು ವರ್ಷ ನಾವು ಉಲ್ಟಾ ಎತ್ತಿದೀವಿ ಅಂತ ದೇವರು ಒಂದು ಮಾತು ಅನ್ನಲಿಲ್ಲ. ಪೈಪಿಗೆ ನೋಡು ಎಷ್ಟು ಸೊಕ್ಕು.”

ಮೇಸ್ತ್ರಿ ನಕ್ಕ. ಬಂದಾಗಿನಿಂದ ಅದೇ ಮೊದಲ ನಗು. ಅಚ್ಚನ್ನು ಬಿಚ್ಚಿ ಉಲ್ಟಾ ಕಟ್ಟಲು ಒಂದು ಹಗಲು, ಬಗ್ಗಿಸಿ ಅಳತೆ ನೋಡಲು ಇನ್ನೊಂದು ಹಗಲು, ಶುಕ್ರವಾರದ ಬಸ್ಸಿಗೆ ಹಾಕಿದರೆ ಶನಿವಾರ ಬೆಳಗ್ಗೆ ಅಲ್ಲಿರುತ್ತದೆ ಎಂದು ಬೆರಳು ಮಡಚಿ ಹೇಳಿ, ಮಾದರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟ. ಗೇಟಿನ ಹತ್ತಿರ ನಿಂತು, “ಅಮ್ಮಾ, ಪಕ್ಕಾನಾ?” ಎಂದು ಇನ್ನೊಂದು ಸಲ ಕೇಳಿದ.

“ಪಕ್ಕಾ. ಮಾದರಿ ಮಾಡಿರೋದು ಅವರೇ. ಅದನ್ನ ನೋಡಿ ಮಾಡು. ನಕಾಶೇಲಿರೋ ನನ್ನ ಮಾತು ಬಿಡು.”

ನನ್ನ ಮಾತು ಅಂದದ್ದು ಅವನಿಗೆ ಅರ್ಥವಾಗಿರಲಾರದು. ಅಷ್ಟು ಹಳೆಯದು ಅವನಿಗೆ ನೆನಪಿರಲಿಲ್ಲ.

ಆ ಎರಡು ದಿನ ನಾನು ಹರಕೆ ಹೊರಲಿಲ್ಲ. ದೇವರ ಮುಂದೆ ದೊಡ್ಡದನ್ನು ಕೇಳುವ ಅಭ್ಯಾಸ ನನಗಿಲ್ಲ. ಆದದ್ದನ್ನು ಎಣಿಸಿಕೊಳ್ಳುತ್ತೇನೆ. ಫೋನು ಗುರುವಾರ ಬೆಳಗ್ಗೆಯೇ ಬಂತು, ಶುಕ್ರವಾರ ಬಂದಿದ್ದರೆ ಮಾಡುವುದೇನೂ ಇರಲಿಲ್ಲ. ಇನ್ನೊಂದು ಪೈಪು ಇತ್ತು. ಮೇಸ್ತ್ರಿ ಮುನಿಸಿಕೊಂಡು ಮನೆಗೆ ಹೋಗಲಿಲ್ಲ. ಶುಕ್ರವಾರ ವರ್ಕ್‌ಶಾಪಿನ ಕಡೆ ಕರೆಂಟು ಹೋಗಲಿಲ್ಲ, ನಮ್ಮಲ್ಲಿ ಎರಡು ಸಲ ಹೋಯಿತು. ನಮ್ಮಲ್ಲಿ ಹೋದರೆ ಹೋಗಲಿ.

ಗುರುವಾರ ಸಂಜೆ ನಮ್ಮವರು ಹೊರಗೆ ಬಂದು ಫೋನು ಮಾಡಿದಾಗ ನಡೆದದ್ದನ್ನು ಹೇಳಿದೆ. ಪ್ರದಕ್ಷಿಣೆ ಎನ್ನುವ ಮಾತು ಮೊದಲು ಬಂದದ್ದು ನನ್ನ ಬಾಯಿಂದ ಎಂಬುದನ್ನೂ ನೆನಪಿಸಿದೆ. ಹೇಳದೆ ಇರಬಹುದಿತ್ತು. ಆದರೆ ಮೇಸ್ತ್ರಿಯ ಮೇಲೆ ತಪ್ಪು ಉಳಿದುಬಿಡುತ್ತಿತ್ತು.

“ಮಾತು ನಿನ್ನದಾದ್ರೂ ಬರೆದೋನು ನಾನು,” ಅಂದರು. “ನಕಾಶೇಲಿ ಬಾಣ ಹಾಕಿದ್ದೆ. ಎಲ್ಲಿ ನಿಂತು ನೋಡ್ಬೇಕು ಅಂತ ಬರೀಲಿಲ್ಲ. ನಾನು ನಿಂತ ಜಾಗದಲ್ಲೇ ಎಲ್ಲರೂ ನಿಂತಿದಾರೆ ಅಂದ್ಕೊಂಡೆ.” ಆಮೇಲೆ, “ಬೆಳಗ್ಗೆ ಫೋನಲ್ಲಿ ಮೇಸ್ತ್ರಿಗೆ ಬೈದೆ. ಬೈಬಾರದಿತ್ತು.”

“ಅದನ್ನ ಅವನಿಗೇ ಹೇಳಿ.”

“ಹೇಳ್ತೀನಿ.”

ಹೇಳಿದರಂತೆ. ಮೇಸ್ತ್ರಿ ಆಮೇಲೆ ತಾನಾಗಿಯೇ ನನಗೆ ತಿಳಿಸಿದ.

ಶನಿವಾರ ಬೆಳಗ್ಗೆ ಪೈಪು ತಲುಪಿತು. ಮಧ್ಯಾಹ್ನದ ಹೊತ್ತಿಗೆ ಕೂರಿಸಿದರು. ಸಂಜೆ ಗಿರಣಿ ಶುರುವಾಯಿತು. ನಮ್ಮವರು ಫೋನು ಮಾಡಿ ಹೇಳಿದ್ದು ಇಷ್ಟೇ: “ಬಳೆ ಬೀಳ್ತಾ ಇವೆ. ಎಲ್ಲ ಒಂದೇ ಸಮ ಇವೆ.” ಹಿಂದೆ ಏನೋ ಬೊಬ್ಬೆಯಂಥ ಸದ್ದು. ಅವರಿಗೆ ನನ್ನ ಮಾತು ಕೇಳಿಸಲಿಲ್ಲ, ಅವರೇ ಇಟ್ಟರು. ಮೊದಲ ದಿನ ಒಂದೇ ಸಮ ಬೀಳುವುದು ದೊಡ್ಡದಲ್ಲ, ಹಳೆಯ ಪೈಪಿನಲ್ಲೂ ಮೊದಲ ದಿನ ಹಾಗೇ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ನೋಡಬೇಕಾದದ್ದು ಆರನೆಯ ದಿನ, ಏಳನೆಯ ದಿನ.

ಅವರು ಅಲ್ಲೇ ಉಳಿದರು. ಆರನೆಯ ದಿನ ಫೋನು ಮಾಡಲಿಲ್ಲ. ಏಳನೆಯ ದಿನ ನಾನೇ ಮಾಡಿದೆ, ಎತ್ತಲಿಲ್ಲ. ಅಂಗಿ ಸಾಲದೆ ಎರಡು ಕೊಂಡುಕೊಂಡರು ಎಂದು ಮೇಸ್ತ್ರಿಯ ಮೂಲಕ ಗೊತ್ತಾಯಿತು. ಪೈಪು ಇನ್ನೂ ತಿರುಗುತ್ತಿದೆ ಎಂದು ಅದರಿಂದಲೇ ತಿಳಿದುಕೊಂಡೆ. ಕೆಟ್ಟಿದ್ದರೆ ಹೊಸ ಅಂಗಿ ಯಾಕೆ?

ಹತ್ತನೆಯ ದಿನ, ಸೋಮವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ ಫೋನು ಬಂತು.

“ಈಗ ತೆಗೆದ್ವಿ,” ಅಂದರು. “ತೂತು ಬಿದ್ದಿಲ್ಲ, ಬಳೆ ಸ್ವಲ್ಪ ಹೆಚ್ಚು ಕಮ್ಮಿ ಬರಕ್ಕೆ ಶುರುವಾಗಿತ್ತು. ಹಳೇದಕ್ಕಿಂತ ಮೂರು ದಿನ ಜಾಸ್ತಿ.”

“ಒಳ್ಳೇದಾಯ್ತಲ್ಲ.”

“ಎರಡರಷ್ಟು ಬರುತ್ತೆ ಅಂದ್ಕೊಂಡಿದ್ದೆ.”

“ಅವರೇನಂದ್ರು?”

“ಇದೇ ಬಾಗಿನದ್ದು ಇನ್ನೂ ನಾಲ್ಕು ಬೇಕಂತೆ. ಸೀಳಿ ನೋಡ್ದೆ. ಸವೆತ ಉದ್ದಕ್ಕೂ ಹಂಚಿಕೊಂಡಿದೆ. ಬಾಯಿ ಹತ್ತಿರ ಒಂದು ಕಡೆ ಮಾತ್ರ ಇನ್ನೂ ತಿಂದಿದೆ. ಅಲ್ಲಿ ಸ್ವಲ್ಪ ಸಡಿಲ ಮಾಡ್ಬೇಕು. ಮಾರ್ಚಿನೊಳಗೆ ಬರೆದು ಕೊಡ್ತೀನಿ. ಎಲ್ಲಿ ನಿಂತು ನೋಡ್ಬೇಕು ಅಂತಾನೂ ಬರೀತೀನಿ.”

“ಬರೀರಿ. ನಾಳೆ ಬರ್ತೀರಾ?”

“ಬೆಳಗ್ಗೆ ಇರ್ತೀನಿ.”

ಮೂರು ದಿನ. ಮೂರು ದಿನ ಹೆಚ್ಚು ಎಂದರೆ ವರ್ಷಕ್ಕೆ ಎಷ್ಟೋ ಸಲ ಕಡಿಮೆ ಆ ಬಿಸಿ ತಲೆಯನ್ನು ಬಿಚ್ಚಬೇಕು, ಅಷ್ಟು ಸಲ ಕಡಿಮೆ ಯಾರೋ ಅದರ ಮುಂದೆ ನಿಲ್ಲಬೇಕು. ನಾನು ಅವರಿಗೆ ಇದನ್ನು ಹೇಳಲಿಲ್ಲ, ಅವರಿಗೆ ಗೊತ್ತಿರುವುದೇ. ಗೂಡಿನ ಮುಂದೆ ಹೋಗಿ ಕೈ ಮುಗಿದೆ. ಅಷ್ಟರಲ್ಲಿ ತಾರಸಿಯಿಂದ ಅತ್ತೆ ಕೂಗಿದರು. ಅವರ ಒಂಬತ್ತು ಗಜದ ಸೀರೆ ಒಣಗಿತ್ತು. ಅದನ್ನು ಒಬ್ಬರೇ ಮಡಚಲು ಆಗುವುದಿಲ್ಲ.

“ಮಾತಾಡಿದ್ದು ಸಾಕು, ಆ ತುದಿ ಹಿಡ್ಕೋ ಬಾ. ಗಾಳಿಗೆ ಹಾರ್ತಾ ಇದೆ.”

ಮೇಲೆ ಹೋಗಿ ಸೆರಗಿನ ಕಡೆ ಹಿಡಿದು, ಎಳೆದು ನೆಟ್ಟಗೆ ಮಾಡಿಕೊಂಡೆ.